ನೋವಿಲ್ಲದ ಮೈಗ್ರೇನಿಗೆ ಸಾಕ್ಷಿ ಯಾರು?

ನಮ್ಮ ದರ್ಶನಗ್ರಂಥಗಳಲ್ಲಿ ತಪ್ಪು ತಿಳಿವಳಿಕೆಗೆ ದೃಷ್ಟಾಂತ ಬೇಕಾದಾಗಲೆಲ್ಲ ಒಬ್ಬ ರೋಗಿಯನ್ನು ಕರೆತಂದು ನಿಲ್ಲಿಸುವ ರೂಢಿಯಿದೆ. ತಿಮಿರ ಕವಿದ ಕಣ್ಣಿಗೆ ಚಂದ್ರ ಎರಡಾಗಿ ಕಾಣುತ್ತಾನೆ. ಕಾಮಾಲೆಯವನಿಗೆ ಬಿಳಿ ಶಂಖ ಹಳದಿ. ಪಿತ್ತ ಕೆರಳಿದವನ ನಾಲಿಗೆಗೆ ಬೆಲ್ಲವೂ ಕಹಿ. ಬೌದ್ಧ ದಾರ್ಶನಿಕ ವಸುಬಂಧು ತನ್ನ ‘ವಿಂಶತಿಕಾ’ವನ್ನು ಶುರುಮಾಡುವುದೇ ತಿಮಿರರೋಗಿಗೆ ಇಲ್ಲದ ಕೂದಲೆಳೆಗಳು ಕಾಣುವ ಮಾತಿನಿಂದ. ನೈಯಾಯಿಕರು, ಮೀಮಾಂಸಕರು, ವೇದಾಂತಿಗಳು ಎಲ್ಲರೂ ಈ ರೋಗಿಯನ್ನು ಒಬ್ಬರಿಂದೊಬ್ಬರು ಎರವಲು ಪಡೆದಿದ್ದಾರೆ. ಪ್ರಮಾಣ, ಎಂದರೆ ನಂಬಬಹುದಾದ ಅರಿವು, ಯಾವುದು, ಭ್ರಮೆ ಯಾವುದು ಎಂಬ ವಾದ ಮುಗಿದ ಮೇಲೆ ಅವನನ್ನು ವಿಚಾರಿಸಿಕೊಂಡವರಿಲ್ಲ. ಎರಡು ಚಂದ್ರರನ್ನು ನೋಡಿಕೊಂಡು ಆ ರಾತ್ರಿ ಅವನು ಮನೆ ಸೇರಿದ್ದು ಹೇಗೆ, ಮನೆಯವರು ಅವನ ಮಾತು ನಂಬಿದರೇ, ವೈದ್ಯನ ಮುಂದೆ ಏನೆಂದು ಹೇಳಿಕೊಂಡ, ಇವು ಶಾಸ್ತ್ರದ ಪ್ರಶ್ನೆಗಳಾಗಲಿಲ್ಲ. ಆಗಬೇಕಿತ್ತು. ಇಂದ್ರಿಯ ತಪ್ಪಿದೆ ಎಂದ ಮಾತ್ರಕ್ಕೆ ಅನುಭವದ ಮಾತೂ ತಪ್ಪೇ ಎಂಬ ಪ್ರಶ್ನೆ ಅಲ್ಲೇ ಅಡಗಿದೆ. ಮೈಗ್ರೇನ್ ಎಂಬ ಕಾಯಿಲೆಯಿಂದಾಗಿ ಅದೇ ಪ್ರಶ್ನೆ ಇವತ್ತು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ದಿನವೂ ಏಳುತ್ತಿದೆ.

ಮೈಗ್ರೇನ್ ಎಂದರೆ ಅರ್ಧ ತಲೆ ಸಿಡಿಯುವ ನೋವು ಎಂದಷ್ಟೇ ಬಹಳ ಮಂದಿ ತಿಳಿದಿರುವುದು. ನೋವು ಅದರ ಒಂದು ಹಂತ ಮಾತ್ರ. ನೋವಿಗೆ ಕೆಲವು ಗಂಟೆ, ಕೆಲವೊಮ್ಮೆ ಒಂದಿಡೀ ದಿನ ಮೊದಲೇ ಹಲವರಿಗೆ ತಡೆಯಿಲ್ಲದ ಆಕಳಿಕೆ, ಕತ್ತಿನ ಬಿಗಿತ, ಸಿಹಿ ತಿನ್ನುವ ಚಪಲ, ಕಾರಣವಿಲ್ಲದ ಸಿಡುಕು ಶುರುವಾಗುತ್ತವೆ. ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ರೋಗಿಗಳಿಗೆ ‘ಆರಾ’ ಎಂಬ ಇನ್ನೊಂದು ಹಂತವಿದೆ: ದೃಷ್ಟಿಯ ನಡುವೆ ಮಿನುಗುವ ಚುಕ್ಕೆಯೊಂದು ಹುಟ್ಟಿ, ಅಂಕುಡೊಂಕು ಗೆರೆಗಳ ಕಮಾನಾಗಿ ಬೆಳೆದು, ಒಳಗೆ ಏನೂ ಕಾಣದ ತಾಣವೊಂದನ್ನು ಉಳಿಸಿ, ಅರ್ಧ ಗಂಟೆಯೊಳಗೆ ನೋಟದ ಅಂಚಿಗೆ ಸರಿದುಹೋಗುತ್ತದೆ. ಇಂಗ್ಲೆಂಡಿನ ವೈದ್ಯ ಹ್ಯೂಬರ್ಟ್ ಏರಿ 1870ರಲ್ಲೇ ತನಗೆ ಕಂಡದ್ದನ್ನು ಹಂತಹಂತವಾಗಿ ಚಿತ್ರ ಬರೆದು ತೋರಿಸಿದ. ಕೆಲವರಿಗೆ ಅಷ್ಟರಲ್ಲೇ ಬೆರಳು ಜೋಮು ಹಿಡಿಯುತ್ತದೆ, ಬಾಯಿಗೆ ಬರಬೇಕಾದ ಪದ ಬರುವುದಿಲ್ಲ. ಬೆಳಕು ಚುಚ್ಚುತ್ತದೆ, ಒಗ್ಗರಣೆಯ ಘಾಟು, ಊದುಬತ್ತಿಯ ಹೊಗೆ ಸಹಿಸಲಾಗದು, ಕೂದಲಿಗೆ ಬಾಚಣಿಗೆ ತಾಗಿದರೂ ಉರಿ. ನೋವು ಇಳಿದ ಮೇಲೂ ಒಂದು ದಿನ ತಲೆಗೆ ಮಂಕು. ಕೆಲವರಿಗಂತೂ ನೋವೇ ಇಲ್ಲದೆ ಆರಾ ಮಾತ್ರ ಬಂದು ಹೋಗುತ್ತದೆ, ಇನ್ನು ಕೆಲವರಿಗೆ ತಲೆಸುತ್ತೇ ಮುಖ್ಯ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ 18ರಿಂದ 65 ವಯಸ್ಸಿನವರಲ್ಲಿ ನಿಮ್ಹಾನ್ಸ್ ಸಂಶೋಧಕರು ನಡೆಸಿ 2015ರಲ್ಲಿ ಪ್ರಕಟಿಸಿದ ಮನೆಮನೆ ಸಮೀಕ್ಷೆಯ ಪ್ರಕಾರ ವರ್ಷವೊಂದರಲ್ಲಿ ಶೇ 25.2ರಷ್ಟು ಮಂದಿಗೆ ಮೈಗ್ರೇನ್ ಬಂದಿತ್ತು. ನಾಲ್ವರಲ್ಲಿ ಒಬ್ಬರು. ಅಂದಮೇಲೆ ಇದು ಅಪರೂಪದವರ ಸಮಸ್ಯೆಯಲ್ಲ.

ಲಕ್ಷಣಗಳ ಈ ಇಡೀ ಮೆರವಣಿಗೆಯಲ್ಲಿ ಮನೆಯವರು, ಕಚೇರಿಯ ಮೇಲಧಿಕಾರಿ, ಹಲವು ಸಲ ವೈದ್ಯರೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನೋವೊಂದನ್ನೇ. (ಅದನ್ನಾದರೂ ಎಲ್ಲಿ ನಂಬುತ್ತಾರೆ ಎಂದು ರೋಗಿಗಳು ಕೇಳಿಯಾರು, ನ್ಯಾಯವಾದ ಪ್ರಶ್ನೆ.) ನೋವು ಬಂದರೆ ಕತ್ತಲೆ ಕೋಣೆಯಲ್ಲಿ ಮಲಗಲು ಬಿಡುತ್ತಾರೆ. ಪದ ಸಿಗುತ್ತಿಲ್ಲ ಎಂದರೆ ಗಮನವಿಲ್ಲ ಎನ್ನುತ್ತಾರೆ, ಬೆಳಕು ಬೇಡವೆಂದರೆ ನಾಜೂಕು, ಮಂಕು ಎಂದರೆ ಸೋಮಾರಿತನ, ವಾಕರಿಕೆ ಎಂದರೆ ಪಿತ್ತ. ಔಷಧದ ಪರೀಕ್ಷೆಗಳಲ್ಲೂ ದೀರ್ಘಕಾಲ ಹೀಗೆಯೇ. ಮೈಗ್ರೇನ್ ತಡೆಯುವ ಔಷಧ ಫಲಿಸಿತೋ ಇಲ್ಲವೋ ಎಂಬುದನ್ನು ಸಾಮಾನ್ಯವಾಗಿ ಅಳೆಯುವುದು ತಿಂಗಳಲ್ಲಿ ಎಷ್ಟು ದಿನ ದಾಳಿ ಆಯಿತು ಎಂಬ ಲೆಕ್ಕದಿಂದ. ಅದು ಅರ್ಧಕ್ಕೆ ಇಳಿದರೆ ಔಷಧ ಹಿಡಿಯಿತು. ಎಂಟು ದಿನದ ನೋವು ನಾಲ್ಕಕ್ಕಿಳಿದು, ಮಂಕು ಮಾತ್ರ ಇಪ್ಪತ್ತು ದಿನ ಹಾಗೇ ಉಳಿದವರೂ ಈ ಪಟ್ಟಿಯಲ್ಲಿ ಗೆದ್ದವರೇ. ನನ್ನ ವಾದ ಇಷ್ಟು: ತನ್ನೊಳಗೆ ಏನು ನಡೆಯುತ್ತಿದೆ ಎಂಬ ವಿಷಯದಲ್ಲಿ ರೋಗಿಯೇ ಪ್ರಮಾಣ, ನೋವಿಗೆ ಎಷ್ಟೋ ಉಳಿದ ಲಕ್ಷಣಗಳಿಗೂ ಅಷ್ಟೇ. ಆದರೆ ಅದು ಯಾಕೆ ನಡೆಯುತ್ತಿದೆ ಎಂಬ ವಿಷಯದಲ್ಲಿ ಅವರು ಪ್ರಮಾಣವಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳದೆ ಹೋದರೆ ಚಿಕಿತ್ಸೆ ಒಂದೋ ಕಿವುಡಾಗುತ್ತದೆ, ಇಲ್ಲವೇ ಕುರುಡಾಗುತ್ತದೆ.

ಇದಕ್ಕೆ ಬೇಕಾದ ತಾತ್ತ್ವಿಕ ಸಾಮಗ್ರಿ 13ನೇ ಶತಮಾನದ ಉಡುಪಿಯಲ್ಲೇ ಸಿದ್ಧವಾಗಿತ್ತು. ಮಧ್ವಾಚಾರ್ಯರು ಜ್ಞಾನದ ಸಾಧನಗಳನ್ನು ವಿಂಗಡಿಸುವಾಗ ಕಣ್ಣು, ಕಿವಿ ಮೊದಲಾದ ಹೊರಗಿನ ಇಂದ್ರಿಯಗಳಾಚೆ, ಮನಸ್ಸಿನಾಚೆಯೂ ಇನ್ನೊಂದನ್ನು ಒಪ್ಪುತ್ತಾರೆ. ಅದು ಆತ್ಮಸ್ವರೂಪವೇ ಆದ ಇಂದ್ರಿಯ, ಸಾಕ್ಷಿ. ಕಣ್ಣಿಗೆ ದೋಷ ತಗಲಬಹುದು, ಮನಸ್ಸಿಗೂ ತಗಲಬಹುದು, ಸಾಕ್ಷಿಗೆ ತಗಲುವುದಿಲ್ಲ. ಸುಖ, ದುಃಖ, ಕಾಲ, ದೇಶ, ಮನಸ್ಸಿನ ವೃತ್ತಿಗಳು, ತನ್ನ ಅಜ್ಞಾನ ಇವೆಲ್ಲ ಅದಕ್ಕೆ ನೇರವಾಗಿ ಗೋಚರ. ಅವರ ಪರಂಪರೆಯ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಇದನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟರು, ಮುಂದೆ ವ್ಯಾಸತೀರ್ಥರು ಇದರ ಪರವಾಗಿ ದೊಡ್ಡ ಯುದ್ಧವನ್ನೇ ನಡೆಸಿದರು. ಸಾಕ್ಷಿ ಯಾಕೆ ಬೇಕಾಯಿತು? ಪ್ರತಿ ತಿಳಿವಳಿಕೆಯನ್ನೂ ಇನ್ನೊಂದು ತಿಳಿವಳಿಕೆಯಿಂದ ಪರೀಕ್ಷಿಸುತ್ತ ಹೋದರೆ ಎಲ್ಲಿಯೂ ನೆಲೆ ನಿಲ್ಲುವುದಿಲ್ಲ. ಸಂಶಯ ಒಂದು ಕಡೆ ನಿಲ್ಲಲೇಬೇಕು, ನಿಲ್ಲುವ ಜಾಗ ಸಾಕ್ಷಿ. ನನಗೆ ದುಃಖವಾಗುತ್ತಿದೆಯೋ ಇಲ್ಲವೋ ಎಂದು ಯಾರಿಗೂ ತನ್ನ ಬಗ್ಗೆ ಅನುಮಾನ ಬರುವುದಿಲ್ಲ. ಮಧ್ವರ ಗುರಿ ಜಗತ್ತು ಸತ್ಯವೆಂದು ಸ್ಥಾಪಿಸುವುದಾಗಿತ್ತೇ ಹೊರತು ತಲೆನೋವಿನ ಚಿಕಿತ್ಸೆಯಲ್ಲ. ಆದರೆ ಅವರು ಕೊಟ್ಟ ಪಟ್ಟಿಯನ್ನು ಗಮನಿಸಬೇಕು: ಸಾಕ್ಷಿಯ ವ್ಯಾಪ್ತಿಗೆ ಬರುವುದು ದುಃಖವೊಂದೇ ಅಲ್ಲ. ಕಾಲ ಎಳೆದಂತಾಗುವುದು, ಸುತ್ತಲಿನ ಜಾಗ ಓಲಾಡುವುದು, ತಿಳಿದಿದ್ದದ್ದು ತಿಳಿಯದಾಗುವುದು ಇವೂ ಅದರ ಆವರಣದೊಳಗೇ ಇವೆ. ನೋವಿನ ಮಾತನ್ನು ಮಾತ್ರ ನಂಬಿ ಉಳಿದದ್ದನ್ನು ಬದಿಗೆ ಸರಿಸುವುದಕ್ಕೆ ಈ ಸಿದ್ಧಾಂತದಲ್ಲಿ ಆಧಾರವೇ ಇಲ್ಲ.

ಅಜ್ಞಾನವೂ ಸಾಕ್ಷಿಗೆ ಗೋಚರ ಎಂಬ ಮಾತು ಮೇಲ್ನೋಟಕ್ಕೆ ತರ್ಕದ ಚಮತ್ಕಾರದಂತೆ ಕಾಣುತ್ತದೆ. ಮೈಗ್ರೇನಿನಲ್ಲಿ ಪದ ತಪ್ಪುವವರ ಅನುಭವದ ಎದುರು ಇಟ್ಟು ನೋಡಿದರೆ ಅದು ಎಷ್ಟು ನಿಖರ ಎಂದು ತಿಳಿಯುತ್ತದೆ. ಎದುರಿಗಿರುವ ಲೋಟದ ಹೆಸರು ಬಾಯಿಗೆ ಬಾರದು, ಅದು ಏನೆಂದು ಗೊತ್ತು, ಹೆಸರಿದೆ ಎಂದು ಗೊತ್ತು, ಆ ಹೆಸರು ಈಗ ತನ್ನಲ್ಲಿಲ್ಲ ಎಂಬುದೂ ಗೊತ್ತು. ಮೂರನೆಯ ಈ ತಿಳಿವಳಿಕೆಯನ್ನು ಯಾವ ಯಂತ್ರವೂ ಹೊರಗಿನಿಂದ ಹಿಡಿಯಲಾರದು. ದಾಳಿ ಇಲ್ಲದ ದಿನ ಎಂಆರ್‌ಐ ತೆಗೆದರೆ ಸಾಮಾನ್ಯವಾಗಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಮಾತಿನ ಪರೀಕ್ಷೆಯಲ್ಲಿ ನೂರಕ್ಕೆ ನೂರು ಅಂಕ ಸಿಗುತ್ತದೆ. ವರದಿ ನಾರ್ಮಲ್ ಬಂದದ್ದು ಒಳ್ಳೆಯ ಸುದ್ದಿ, ಗಡ್ಡೆಯಿಲ್ಲ, ರಕ್ತಸ್ರಾವವಿಲ್ಲ. ಆದರೆ ಅದರಿಂದ ‘ನಿಮಗೇನೂ ಆಗಿಲ್ಲ’ ಎಂಬ ತೀರ್ಮಾನ ಹೊರಡುವುದಿಲ್ಲ. ಯಂತ್ರಕ್ಕೆ ಕಾಣದ್ದು ಇಲ್ಲವೆನ್ನುವುದು, ಒಂದು ಪ್ರಮಾಣ ಮುಟ್ಟದ ವಿಷಯಕ್ಕೆ ಬೇರೆ ಪ್ರಮಾಣವೇ ಇರಲಾರದು ಎಂದು ಹಟ ಹಿಡಿಯುವುದು.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಸಾಕ್ಷಿ ತಪ್ಪುವುದಿಲ್ಲ ಎನ್ನುತ್ತೀರಿ, ಆದರೆ ಆರಾ ಬಂದಾಗ ರೋಗಿ ಇಲ್ಲದ್ದನ್ನು ನೋಡುತ್ತಾನಲ್ಲ? ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿಗೆ ಮೈಗ್ರೇನ್ ಇತ್ತು. 1941ರ ಲೇಖನವೊಂದರಲ್ಲಿ ಆತ ಬರೆದ ಪ್ರಸಂಗ ಪ್ರಸಿದ್ಧ: ಮಾತಾಡುತ್ತಿದ್ದ ಗೆಳೆಯನ ತಲೆಯೇ ಮಾಯವಾಯಿತು, ಹಿಂದಿನ ಗೋಡೆಯ ಪಟ್ಟೆಗಳು ಅವನ ಟೈವರೆಗೂ ಇಳಿದು ಬಂದಂತೆ ಕಂಡವು. ಮಿದುಳು ಖಾಲಿ ಜಾಗವನ್ನು ತಾನೇ ತುಂಬಿಕೊಂಡಿತ್ತು. ಇಂಥವನ ಮಾತನ್ನು ಪ್ರಮಾಣ ಎನ್ನುವುದು ಹೇಗೆ? ಉತ್ತರ ಆಕ್ಷೇಪದ ಒಳಗೇ ಇದೆ. ಗೆಳೆಯನಿಗೆ ತಲೆಯಿಲ್ಲ ಎಂದು ಲ್ಯಾಶ್ಲಿ ಹೇಳಲಿಲ್ಲ. ತಲೆ ಕಾಣುತ್ತಿಲ್ಲ, ಪಟ್ಟೆಗಳು ಕಾಣುತ್ತಿವೆ ಎಂದ. ತಪ್ಪಿದ್ದು ಕಣ್ಣಿನ ದಾರಿ, ಕಂಡದ್ದರ ವರದಿ ತಪ್ಪಲಿಲ್ಲ. ಅದ್ವೈತಿಗಳೂ ಇದಕ್ಕೆ ಹತ್ತಿರದ ವಿವೇಕವೊಂದನ್ನು ಕೊಟ್ಟಿದ್ದಾರೆ. ಹಗ್ಗವೆಂದು ತಿಳಿದೊಡನೆ ಹಾವು ಮಾಯವಾಗುವ ಭ್ರಮೆ ಒಂದು ಬಗೆ. ಸ್ಫಟಿಕದ ಪಕ್ಕ ಕೆಂಪು ಹೂವಿರುವವರೆಗೆ, ಸತ್ಯ ಗೊತ್ತಿದ್ದರೂ, ಸ್ಫಟಿಕ ಕೆಂಪಾಗಿಯೇ ಕಾಣುವುದು ಸೋಪಾಧಿಕ ಭ್ರಮೆ, ಅದು ಇನ್ನೊಂದು ಬಗೆ. ಆರಾ ಎರಡನೆಯ ಜಾತಿಯದು. ರೋಗಿಗೆ ಅದು ಸುಳ್ಳೆಂದು ಗೊತ್ತು, ಗೊತ್ತಿದ್ದೂ ಅದು ಹೋಗುವುದಿಲ್ಲ. ಆದ್ದರಿಂದಲೇ ‘ಮನಸ್ಸು ಗಟ್ಟಿಮಾಡಿಕೊ’ ಎಂಬ ಉಪದೇಶ ಇಲ್ಲಿ ಉಪಯೋಗಕ್ಕೆ ಬಾರದು. ಉಪಾಧಿ, ಎಂದರೆ ಆ ಹೂವಿನಂತೆ ಭ್ರಮೆಯನ್ನು ಹಿಡಿದಿಟ್ಟಿರುವ ಕಾರಣ, ಹೋಗಬೇಕು, ಅದಕ್ಕೆ ಔಷಧ ಬೇಕು. ಅಂದಹಾಗೆ ಲ್ಯಾಶ್ಲಿ ತನ್ನ ಆ ಅಂಕುಡೊಂಕು ಕಮಾನು ಬೆಳೆಯುವ ವೇಗವನ್ನು ಲೆಕ್ಕಹಾಕಿ, ಮಿದುಳಿನ ದೃಷ್ಟಿಭಾಗದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಸರಿಯುತ್ತಿರಬೇಕು ಎಂದು ಅಂದಾಜು ಮಾಡಿದ. ಮೂರು ವರ್ಷದ ಬಳಿಕ, 1944ರಲ್ಲಿ, ಬ್ರೆಜಿಲ್‌ನ ವಿಜ್ಞಾನಿ ಅರಿಸ್ಟಿಡೆಸ್ ಲಿಯಾವೋ ಮೊಲದ ಮಿದುಳಿನಲ್ಲಿ ಹೆಚ್ಚುಕಡಿಮೆ ಅದೇ ವೇಗದಲ್ಲಿ ಹರಡುವ ವಿದ್ಯುತ್ ಸ್ತಬ್ಧತೆಯ ಅಲೆಯನ್ನು ವರದಿ ಮಾಡಿದ. ಭ್ರಮೆಯ ಪ್ರಾಮಾಣಿಕ ವರದಿಯೇ ಇಲ್ಲಿ ಮಿದುಳಿನ ಸತ್ಯವನ್ನು ಮೊದಲೇ ಸೂಚಿಸಿತ್ತು.

ನೋವಿಲ್ಲದ ಲಕ್ಷಣಗಳ ಬಗ್ಗೆ ರೋಗಿಯ ಮಾತು ಎಷ್ಟು ನಂಬಲರ್ಹ ಎಂಬುದಕ್ಕೆ ಈಚಿನ ಪುರಾವೆಯೂ ಇದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ರೋಗಿಗಳು ಎಲೆಕ್ಟ್ರಾನಿಕ್ ಡೈರಿಯಲ್ಲಿ ಮುನ್ಸೂಚನೆಯ ಲಕ್ಷಣಗಳನ್ನು ಆಗಿಂದಾಗಲೇ ದಾಖಲಿಸಿದರು. ನೋವು ಬರಲಿದೆ ಎಂದು ಅವರು ಹೇಳಿದ್ದು ಶೇ 72ರಷ್ಟು ಸಲ ನಿಜವಾಯಿತು. 2016ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಒಬ್ಬ ರೋಗಿಯ ಮಿದುಳನ್ನು 30 ದಿನ ದಿನವೂ ಸ್ಕ್ಯಾನ್ ಮಾಡಿದಾಗ, ನೋವು ಬರುವ ಹಿಂದಿನ ದಿನವೇ ಹೈಪೊಥಾಲಮಸ್‌ನ ಚಟುವಟಿಕೆ ಬದಲಾಗಿತ್ತು. ಹಸಿವು, ನಿದ್ದೆ, ಬಾಯಾರಿಕೆಗಳನ್ನು ನಿಯಂತ್ರಿಸುವ ಜಾಗವದು, ಆಕಳಿಕೆ ಮತ್ತು ಸಿಹಿಯ ಚಪಲಕ್ಕೆ ಅಲ್ಲಿ ನಂಟಿರುವುದು ಆಶ್ಚರ್ಯವಲ್ಲ. ಇನ್ನೂ ಮುಖ್ಯವಾದದ್ದು 2023ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಪ್ರಯೋಗ. ಯೂಬ್ರೊಜೆಪಾಂಟ್ ಎಂಬ ಮಾತ್ರೆಯನ್ನು ನೋವು ಬಂದ ಮೇಲಲ್ಲ, ಬರುತ್ತದೆ ಎಂದು ರೋಗಿಗೆ ಅನಿಸಿದಾಗಲೇ ಕೊಟ್ಟು ನೋಡಿದರು. ಮಾತ್ರೆ ತೆಗೆದುಕೊಂಡಾಗ ಶೇ 46ರಷ್ಟು ಸಲ ಮುಂದಿನ 24 ಗಂಟೆಯಲ್ಲಿ ಮಧ್ಯಮ ಅಥವಾ ತೀವ್ರ ನೋವು ಬರಲಿಲ್ಲ. ಪೊಳ್ಳು ಮಾತ್ರೆಯಲ್ಲಿ ಇದು ಶೇ 29. ರೋಗಿಯ ಒಳಗಿನ ಮಾತನ್ನೇ ಅಡಿಪಾಯವಾಗಿಸಿ, ನೋವು ಹುಟ್ಟುವ ಮೊದಲೇ ಚಿಕಿತ್ಸೆ ಕಟ್ಟಿದ ಪ್ರಯೋಗವಿದು.

ಆ 29 ಎಂಬ ಅಂಕೆಯನ್ನು ಹಿಡಿದು ಸಂದೇಹವಾದಿ ಕೇಳಬಹುದು: ಪೊಳ್ಳು ಮಾತ್ರೆಗೂ ಅಷ್ಟು ಸಲ ಸುಧಾರಿಸಿತೆಂದರೆ ಅನುಭವದ ಮಾತಿಗೆ ಏನು ಬೆಲೆ? ಸುಧಾರಿಸಿದ್ದು ಸುಳ್ಳಲ್ಲ. ಸುಳ್ಳಾಗುವುದು, ‘ಈ ಮಾತ್ರೆಯಿಂದಲೇ ಸುಧಾರಿಸಿತು’ ಎಂಬ ಮುಂದಿನ ಹೆಜ್ಜೆ. ಸಾಕ್ಷಿಯ ಗಡಿ ಇರುವುದು ಸರಿಯಾಗಿ ಇಲ್ಲೇ. ಕಾರಣ ಎಂಬುದು ಸಾಕ್ಷಿಗೆ ಗೋಚರವಲ್ಲ, ಅದು ಅನುಮಾನದ, ಎಂದರೆ ತರ್ಕಿಸಿ ತಿಳಿಯುವ, ಕ್ಷೇತ್ರ, ಅಲ್ಲಿ ಮನಸ್ಸು ಧಾರಾಳವಾಗಿ ಎಡವುತ್ತದೆ. ಚಾಕೊಲೇಟ್ ತಿಂದೆ, ತಲೆನೋವು ಬಂತು, ಚಾಕೊಲೇಟೇ ಕಾರಣ ಎನ್ನುವವರು ಬಹಳ. ಆದರೆ ಸಿಹಿಯ ಚಪಲವೇ ದಾಳಿಯ ಮೊದಲ ಹಂತವಾಗಿರಬಹುದು. ಹಾಗಿದ್ದರೆ ತಿಂದದ್ದರಿಂದ ದಾಳಿ ಬಂದದ್ದಲ್ಲ, ದಾಳಿ ಶುರುವಾಗಿದ್ದರಿಂದ ತಿಂದದ್ದು. ಬೆಳಕಿನ ವಿಷಯವೂ ಹೀಗೇ: ಬೆಳಕು ದಾಳಿ ತಂದದ್ದಲ್ಲ, ಶುರುವಾದ ದಾಳಿಯೇ ಬೆಳಕನ್ನು ಚುಚ್ಚುವಂತೆ ಮಾಡಿರಬಹುದು. ಔಷಧಗಳನ್ನು ಒಂದಾದ ಮೇಲೊಂದು ಪ್ರಯತ್ನಿಸುವಾಗ ಈ ಗೊಂದಲ ಇನ್ನೂ ಹೆಚ್ಚುತ್ತದೆ. ಟೋಪಿರಾಮೇಟ್ ಮೈಗ್ರೇನ್ ತಡೆಯಲು ಕೊಡುವ ಮಾತ್ರೆ, ಅದರ ಅಡ್ಡಪರಿಣಾಮಗಳಲ್ಲಿ ಪದ ಸಿಗದಿರುವುದೂ ಒಂದು. ಕಾಯಿಲೆ ಕದ್ದ ಪದ ಯಾವುದು, ಮದ್ದು ಕದ್ದದ್ದು ಯಾವುದು? ಪದ ಇಲ್ಲ ಎಂದಷ್ಟೇ ಒಳಗಿನಿಂದ ತಿಳಿಯುತ್ತದೆ. ತಡೆಯುವ ಇನ್ನೊಂದು ಮಾತ್ರೆ ಫ್ಲುನಾರಿಜಿನ್ ತೂಕಡಿಕೆ ತರುತ್ತದೆ, ದಾಳಿಯ ಮರುದಿನದ ಮಂಕೂ ತೂಕಡಿಕೆಯೇ. ನೋವಿನ ಮಾತ್ರೆಯನ್ನೇ ತಿಂಗಳಿಗೆ 15 ದಿನ, ದಾಳಿಗೆಂದೇ ಕೊಡುವ ಟ್ರಿಪ್ಟಾನ್‌ಗಳನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು ನುಂಗುತ್ತ ತಿಂಗಳುಗಟ್ಟಲೆ ಕಳೆದರೆ ಮಾತ್ರೆಯೇ ತಲೆನೋವನ್ನು ಸಾಕತೊಡಗುತ್ತದೆ, ರೋಗಿಗೆ ಮಾತ್ರ ಅದು ಆಪ್ತಮಿತ್ರನಂತೆಯೇ ಕಾಣುತ್ತದೆ. ಹೀಗಾಗಿ ಪರೀಕ್ಷೆ ಬೇಕು: ಮಾತ್ರೆಯ ಅಳತೆ ಬದಲಿಸಿ, ಒಂದನ್ನು ನಿಲ್ಲಿಸಿ, ತಡೆಯುವ ಔಷಧಕ್ಕೆ ಎರಡು ಮೂರು ತಿಂಗಳಾದರೂ ಕಾಲ ಕೊಟ್ಟು, ಬರೆದಿಟ್ಟದ್ದನ್ನು ಹೋಲಿಸಿ ನೋಡುವುದು. ಮಧ್ವಪರಂಪರೆಯಲ್ಲೂ ಸಂಶಯ ಬಂದಲ್ಲಿ ಪರೀಕ್ಷೆ ನಡೆದು, ಅದರ ಫಲವನ್ನು ಸಾಕ್ಷಿ ಒಪ್ಪುತ್ತದೆ. ವೈದ್ಯರೂ ರೋಗಿಯೂ ಕೆಲಸ ಹಂಚಿಕೊಳ್ಳಬೇಕಾದದ್ದು ಈ ಕ್ರಮದಲ್ಲೇ.

ಇನ್ನು ಧರ್ಮದ ಕಡೆಯಿಂದ ಬರುವ ಆಕ್ಷೇಪ. ಇದೆಲ್ಲ ಪ್ರಾರಬ್ಧ, ಅನುಭವಿಸಿ ಮುಗಿಸಬೇಕು. ಒಂದು ಮದ್ದು ಬಿಟ್ಟು ಇನ್ನೊಂದಕ್ಕೆ ಅಲೆಯುವುದು ದೇಹದ ಮೇಲಿನ ವ್ಯಾಮೋಹ ಎಂದು ಹೇಳುವವರಿದ್ದಾರೆ. ಚರಕಸಂಹಿತೆಯ ವಿಮಾನಸ್ಥಾನ ಈ ವಾದವನ್ನು ಎತ್ತಿಕೊಂಡೇ ಉತ್ತರಿಸುತ್ತದೆ: ಆಯುಷ್ಯವೆಲ್ಲ ಮೊದಲೇ ನಿಶ್ಚಿತವಾಗಿದ್ದರೆ ವೈದ್ಯಕ್ಕೂ ಪಥ್ಯಕ್ಕೂ ಅರ್ಥವೇ ಇರುತ್ತಿರಲಿಲ್ಲ, ದೈವದ ಜೊತೆ ಪುರುಷಪ್ರಯತ್ನವೂ ಲೆಕ್ಕಕ್ಕಿದೆ. ಇದಕ್ಕಿಂತ ನನಗೆ ಬೆಲೆಯುಳ್ಳದ್ದಾಗಿ ಕಾಣುವುದು ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿರುವ ಒಂದು ಪ್ರಕರಣ. ಪಿಲಿಂದವಚ್ಛ ಎಂಬ ಭಿಕ್ಷುವಿಗೆ ತಲೆಬೇನೆ. ಬುದ್ಧ ತಲೆಗೆ ಸ್ವಲ್ಪ ಎಣ್ಣೆ ಹಚ್ಚಿಕೊಳ್ಳಲು ಅನುಮತಿ ಕೊಟ್ಟ, ಹಿತವಾಗಲಿಲ್ಲ. ಮೂಗಿಗೆ ಔಷಧ ಬಿಡಲು ಹೇಳಿದ, ಅದು ಸೋರಿಹೋಯಿತು. ಔಷಧ ಬಿಡಲು ಸೌಟಿನಂಥ ಸಾಧನ ಬಂತು. ಎರಡೂ ಹೊಳ್ಳೆಗೆ ಸಮನಾಗಿ ಬೀಳಲಿಲ್ಲ. ಜೋಡಿ ಸೌಟು ಬಂತು, ಆಗಲೂ ಗುಣವಿಲ್ಲ. ಹೊಗೆ ಸೇದಲು ಅನುಮತಿ. ಬತ್ತಿ ಹೊತ್ತಿಸಿ ನೇರವಾಗಿ ಎಳೆದುಕೊಂಡಾಗ ಗಂಟಲು ಸುಟ್ಟಿತು, ಆಮೇಲೆ ಅದಕ್ಕೊಂದು ಕೊಳವೆ. ತೃಷ್ಣೆಯನ್ನು ಬಿಡಬೇಕೆಂದು ಜೀವಮಾನವಿಡೀ ಬೋಧಿಸಿದವನು, ತಲೆನೋವಿಗೆ ಒಂದರ ನಂತರ ಒಂದು ಮದ್ದನ್ನು ಬೇಸರವಿಲ್ಲದೆ ಬದಲಿಸಿಕೊಟ್ಟ. ಪ್ರತಿ ಹಂತದಲ್ಲೂ ಮುಂದಿನ ಹೆಜ್ಜೆಗೆ ಕಾರಣವಾದದ್ದು, ಹಿಂದಿನದು ಸರಿಹೋಗಲಿಲ್ಲ ಎಂದು ಬಂದು ಹೇಳಿದ ಮಾತು. ಹೇಗೆ ಗೊತ್ತು, ನಿನ್ನ ಕರ್ಮ ಹಾಗಿರಬಹುದು ಎಂಬ ಪ್ರತಿಪ್ರಶ್ನೆ ಅಲ್ಲಿಲ್ಲ. ಎಣ್ಣೆ ಹಿಡಿಯಲಿಲ್ಲವೆಂಬುದು ಆ ಭಿಕ್ಷುವಿನ ವೈರಾಗ್ಯದ ಕೊರತೆಯೂ ಆಗಲಿಲ್ಲ.

ಅದೇ ಬುದ್ಧನ ಇನ್ನೊಂದು ಉಪದೇಶವನ್ನು ನನ್ನ ವಿರುದ್ಧವೇ ಎತ್ತಬಹುದು. ದೇಹದ ನೋವು ಮೊದಲ ಬಾಣ, ಅದರ ಬಗ್ಗೆ ಮನಸ್ಸು ಮಾಡಿಕೊಳ್ಳುವ ಸಂಕಟ ಎರಡನೆಯ ಬಾಣ. ಪ್ರತಿ ಆಕಳಿಕೆಯನ್ನೂ ಬರೆದಿಡುವುದು ಎರಡನೆಯ ಬಾಣವನ್ನು ತಾನೇ ಚುಚ್ಚಿಕೊಂಡಂತಲ್ಲವೇ? ಇದರಲ್ಲಿ ನಿಜಾಂಶವಿದೆ. ದಿನವಿಡೀ ತನ್ನ ತಲೆಯನ್ನೇ ಕಾಯುತ್ತ ಕೂತವರಿಗೆ ಭಯವೇ ಒಂದು ಕಾಯಿಲೆಯಾಗುತ್ತದೆ. ಆದರೆ ಗಮನ ಬೇರೆ, ಗೋಳು ಬೇರೆ. ಸ್ಮೃತಿಯನ್ನು, ಎಂದರೆ ಎಚ್ಚರದ ಗಮನವನ್ನು, ಕಲಿಸಿದ ಗುರುವಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಸಂಜೆ ನಾಲ್ಕು ಸಾಲು ಬರೆದು ಪುಸ್ತಕ ಮುಚ್ಚಿದರೆ ಸಾಕು. ಇನ್ನು ಈ ಬೆಳಕುಗಳನ್ನು ದೈವದರ್ಶನವೆಂದು ಎತ್ತಿಹಿಡಿಯುವ ವಿರುದ್ಧ ತುದಿಯೂ ಇದೆ. 12ನೇ ಶತಮಾನದ ಜರ್ಮನ್ ಸಂತ ಮಹಿಳೆ ಹಿಲ್ಡೆಗಾರ್ಡ್ ಕಂಡ ಜ್ಯೋತಿಗಳು ಮೈಗ್ರೇನಿನವು ಎಂದು 20ನೇ ಶತಮಾನದ ಆರಂಭದಲ್ಲಿ ವೈದ್ಯಕೀಯ ಇತಿಹಾಸಕಾರ ಚಾರ್ಲ್ಸ್ ಸಿಂಗರ್ ಊಹಿಸಿದ, ನರವೈದ್ಯ ಲೇಖಕ ಆಲಿವರ್ ಸಾಕ್ಸ್ ಅದನ್ನು ಜನಪ್ರಿಯಗೊಳಿಸಿದ. ಎಂಟುನೂರು ವರ್ಷ ಹಿಂದಿನವರಿಗೆ ರೋಗನಿರ್ಣಯ ಮಾಡುವುದು ನನಗೆ ದುಡುಕೆನಿಸುತ್ತದೆ. ಇಂಥ ದರ್ಶನಗಳ ಮೌಲ್ಯ ಅವುಗಳ ಫಲದಲ್ಲಿದೆಯೇ ಹೊರತು ಮಿದುಳಿನ ಮೂಲದಲ್ಲಲ್ಲ ಎಂದು ಅಮೆರಿಕದ ದಾರ್ಶನಿಕ ವಿಲಿಯಂ ಜೇಮ್ಸ್ 1902ರಲ್ಲೇ ವಾದಿಸಿದ್ದ. ಅಲ್ಲಿಗೆ ಆ ಚರ್ಚೆ ಬಿಡಬಹುದು. ಬೆಳಕು ಪವಿತ್ರವೋ ಅಲ್ಲವೋ, ಅದು ಕಂಡಾಗ ಸ್ಕೂಟರ್ ಓಡಿಸಬಾರದು.

ಸಾಕ್ಷಿಯ ಹೆಸರಿನಲ್ಲಿ ಆತ್ಮದ ನಿತ್ಯತ್ವವನ್ನೂ ಒಳಗೆ ಬಿಟ್ಟುಕೊಂಡಿರಿ ಎಂದು ಭೌತವಾದಿ ಓದುಗರು ತಕರಾರು ತೆಗೆಯಬಹುದು. ಬೇಕಿಲ್ಲ. ಅನುಭವದ ಇರವಿಗೂ ಅದರ ಕಾರಣಕ್ಕೂ ಪ್ರಮಾಣಗಳು ಬೇರೆ ಬೇರೆ ಎಂಬ ವಿವೇಕವೊಂದನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡಲು ಅಡ್ಡಿಯಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಾಕ್ಷಿಯ ಸಿದ್ಧಾಂತ ಓದಿರಲಾರದು, ಆದರೂ 2018ರ ಮಾರ್ಗಸೂಚಿಯಲ್ಲಿ ಅದು ಈ ದಿಕ್ಕಿಗೆ ಒಂದು ಹೆಜ್ಜೆ ಇಟ್ಟಿತು. ದಾಳಿಗೆ ಕೊಡುವ ಹೊಸ ಔಷಧ ಎರಡು ಗಂಟೆಯೊಳಗೆ ನೋವು ನಿಲ್ಲಿಸಿದರಷ್ಟೇ ಸಾಲದು, ನೋವಿನ ಜೊತೆಗೆ ತನ್ನನ್ನು ಎಲ್ಲಕ್ಕಿಂತ ಕಾಡುವುದೆಂದು ರೋಗಿಯೇ ಹೆಸರಿಸಿದ ಲಕ್ಷಣವನ್ನೂ ನಿಲ್ಲಿಸಬೇಕು. ಆಯ್ಕೆ ಮಾತ್ರ ಮೂರರಲ್ಲಿ: ವಾಕರಿಕೆ, ಬೆಳಕು, ಸದ್ದು. ಪದ ತಪ್ಪುವುದು, ತಲೆಸುತ್ತು, ಮಂಕು ಇವು ಆ ಪಟ್ಟಿಯ ಹೊರಗೇ ಉಳಿದಿವೆ. ಸಾಕ್ಷಿಯನ್ನು ಕಟಕಟೆಗೆ ಕರೆದು ಮೂರೇ ಉತ್ತರದಲ್ಲಿ ಒಂದನ್ನು ಆರಿಸು ಎಂದಂತೆ. ಪಟ್ಟಿ ಬೆಳೆಯಬೇಕು, ಮತ್ತು ಅದಕ್ಕಾಗಿ ಕಾಯದೆ ನಮ್ಮ ವೈದ್ಯರು ‘ತಿಂಗಳಿಗೆ ಎಷ್ಟು ಸಲ ತಲೆನೋವು?’ ಎಂಬ ಪ್ರಶ್ನೆಯ ಜೊತೆಗೆ ‘ನೋವಿಲ್ಲದ ದಿನ ಏನು ಮಾಡಲಾಗಲಿಲ್ಲ?’ ಎಂದೂ ಕೇಳಬಹುದು. ಅದಕ್ಕೆ ಯಾವ ಉಪಕರಣವೂ ಬೇಕಿಲ್ಲ. ಮೈಗ್ರೇನ್ ಇರುವವರು ಮುಂದಿನ ಭೇಟಿಗೆ ನೋವಿನ ದಿನಗಳ ಜೊತೆ ಮಂಕಿನ ದಿನ, ಪದ ತಪ್ಪಿದ ದಿನ, ಹೊಸ ಮಾತ್ರೆ ಶುರುಮಾಡಿದ ದಿನ ಇವನ್ನೂ ಬರೆದುಕೊಂಡು ಹೋಗಿ. ಕಾರಣ ಏನೆಂಬುದನ್ನು ಮಾತ್ರ ಮೊದಲೇ ಬರೆಯಬೇಡಿ. ಮಾತು ತಪ್ಪುವುದೋ, ಕೈ ಮರಗಟ್ಟುವುದೋ, ಕಣ್ಣು ಕತ್ತಲಾಗುವುದೋ ಬದುಕಿನಲ್ಲಿ ಮೊದಲ ಸಲ ಆದರೆ, ಅಥವಾ ಎಂದಿನಂತಲ್ಲದೆ ದಿಢೀರನೆ ಬಂದರೆ, ಅದು ಪಾರ್ಶ್ವವಾಯುವೂ ಆಗಿರಬಹುದು. ಮೈಗ್ರೇನೇ ಇರಬೇಕೆಂದು ಮಲಗದೆ ಕೂಡಲೇ ಆಸ್ಪತ್ರೆಗೆ ಹೋಗಿ.